ಬಿಳಿ ಸೇವಂತಿಗೆಯ ನಡುವೆ ಕೃಷ್ಣಪ್ರಸಾದ

ಡರ್ಹಮ್ಮಿನ ಚಿತ್ರಕಲೆ ತರಗತಿಗೆ ಸೇರಿದ ಮೇಲೆ ಕೃಷ್ಣಪ್ರಸಾದ ಬರೆದದ್ದನ್ನು ಯಾರೂ ಒಂದೇ ಏಟಿಗೆ ಗುರುತಿಸಿದ್ದಿಲ್ಲ. ಅವನ ಮಾವಿನಹಣ್ಣನ್ನು ಹೆಂಡತಿ ಅಲಮೇಲು ಕಿಡ್ನಿ ಎಂದಿದ್ದಳು. ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡುವವಳಾದ್ದರಿಂದ ಆ ಮಾತಿಗೆ ತೂಕವಿತ್ತು. ಈ ಸಲದ ಪ್ರದರ್ಶನಕ್ಕೆ ಎಲ್ಲರೂ ತಂತಮ್ಮ ಮುಖವನ್ನೇ ಬರೆಯಬೇಕೆಂದಾಗ ಅವನಿಗಿದ್ದ ಆಸೆ ಒಂದೇ: ಹೆಸರಿನ ಚೀಟಿ ಓದದೆ ಒಬ್ಬರಾದರೂ ಇದು ಕೃಷ್ಣಪ್ರಸಾದ ಅನ್ನಬೇಕು.

ಟೀಚರ್ ಲೊರೇನ್ ಆಗಷ್ಟೇ ಚೀನಾ ಸುತ್ತಿ ಬಂದಿದ್ದಳು. ಬಂದವಳೇ ನೀಲಿ ರೇಷ್ಮೆ ನಿಲುವಂಗಿ ತೊಡಿಸಿ, ಪಕ್ಕದಲ್ಲೊಂದು ಕೊಕ್ಕರೆ ನಿಲ್ಲಿಸಿ ತನ್ನನ್ನೇ ಬರೆದುಕೊಂಡಳು. ಕೊಕ್ಕರೆ ದೀರ್ಘಾಯುಷ್ಯಕ್ಕಂತೆ. ನೋಡಿದ್ದೇ ತಡ, ತರಗತಿಗೆ ತರಗತಿಯೇ ಚೀನಾಕ್ಕೆ ಹೊರಟಿತು. ರಿಟೈರಾದ ಹಲ್ಲಿನ ಡಾಕ್ಟರು ಕೆಂಪು ಮೀನಿನ ಮೇಲೆ ಸವಾರಿ ಹೊರಟರು. ಮನೆ ಮಾರಿಸುವ ಏಜೆಂಟಮ್ಮ ಮೈಗೆಲ್ಲ ಡ್ರ್ಯಾಗನ್ ಸುತ್ತಿಕೊಂಡಳು.

ಕೃಷ್ಣಪ್ರಸಾದ ಒಳಗೊಳಗೇ ನಕ್ಕ. ಏಷ್ಯಾದವನಾದ ತನಗೆ ಇದೆಲ್ಲ ರಕ್ತದಲ್ಲೇ ಬಂದಿದೆಯೆಂದು ಅವನ ಅಂದಾಜು. ಚೀನಾ ಕುರಿತ ಅವನ ಜ್ಞಾನ ಗೋಬಿ ಮಂಚೂರಿಗೆ ಮುಗಿಯುತ್ತಿತ್ತು. ಸೇವಂತಿಗೆಯೂ ದೀರ್ಘಾಯುಷ್ಯದ ಗುರುತೆಂದು ಲೈಬ್ರರಿ ಪುಸ್ತಕದಲ್ಲಿ ಓದಿ, ಮೈಸೂರಿನವನಿಗೆ ಸೇವಂತಿಗೆ ಹೇಳಿಕೊಡಬೇಕೆ ಎಂದು ಮುಖದ ಸುತ್ತ ಬಿಳಿ ಸೇವಂತಿಗೆಯನ್ನೇ ದಟ್ಟವಾಗಿ ತುಂಬಿದ. ಮುಖಕ್ಕೆ ಮಾದರಿ, ಡ್ರಾಯರಿನಲ್ಲಿ ಉಳಿದಿದ್ದ ವೀಸಾ ಫೋಟೋ: ನೇರ ನೋಟ, ನಗು ನಿಷಿದ್ಧ, ಎರಡೂ ಕಿವಿ ಹಾಜರು.

ಪ್ರದರ್ಶನದ ದಿನ ಬೆಳಿಗ್ಗೆ, ಕಟ್ಟು ಹಾಕಿಸಿದ ಚಿತ್ರವನ್ನು ಅಲಮೇಲು ಬಹಳ ಹೊತ್ತು ನೋಡಿದಳು.

"ಹೇಗಿದೆ?"

"ಊದುಬತ್ತಿ ಎಲ್ಲಿ ಹಚ್ಚಿಡ್ಲಿ ಅಂತ ನೋಡ್ತಿದೀನಿ ರೀ."

"ಇದು ಚೈನೀಸ್ ಸಿಂಬಲಿಸಂ. ನಿನಗೆ ಗೊತ್ತಾಗಲ್ಲ."

"ನಮ್ಮ ಲ್ಯಾಬಿನ ಲಿನ್ ಚೈನೀಸೇ ಅಲ್ವಾ? ನಿನ್ನೆ ಅವಳಿಗೆ ಫೋಟೋ ಕಳಿಸಿದ್ದೆ. ಅವರಲ್ಲೂ ಸಾವಿನ ಮನೆಗೆ ಬಿಳಿ ಸೇವಂತಿಗೇನೇ ಅಂತೆ. ಪಾಪ, ಸೋಮವಾರ ನನ್ನ ಶಿಫ್ಟ್ ತಾನೇ ಕವರ್ ಮಾಡ್ತೀನಿ ಅಂದ್ಲು."

ಹೂವಿಗೆ ಹಳದಿ ಬಳಿಯೋಣವೆಂದರೆ ಹೊತ್ತಿರಲಿಲ್ಲ. ಲೊರೇನ್ ಬೇರೆ, ತನ್ನ ಸಾವನ್ನು ತಾನೇ ಹೀಗೆ ದಿಟ್ಟಿಸುವ ಧೈರ್ಯ ಯಾರಿಗಿದೆ ಎಂದು ಹೇಳಿ, ಅದನ್ನು ಬಾಗಿಲ ಎದುರಿನ ಗೋಡೆಗೇ ಹಾಕಿಸಿದಳು. ಆ ಬಗ್ಗೆ ತುಂಬ ಆಳವಾಗಿ ಯೋಚಿಸಿದ್ದೆ ಎಂದು ಕೃಷ್ಣಪ್ರಸಾದ ಇಂಗ್ಲಿಷಿನಲ್ಲಿ ಒಪ್ಪಿಕೊಂಡ.

"ಕನ್ನಡ ಸಂಘದೋರು ಬರ್ತಾರೆ," ಅಂದಳು ಅಲಮೇಲು. "ನೀವು ಅದರ ಪಕ್ಕಾನೇ ನಿಂತಿರಿ. ಅಲ್ಲಾಡ್ತಾ ಇರಿ."

ನಿಂತು ಕಾಲು ಸೋತು ಅವನು ಕಾಫಿಗೆಂದು ಆಚೆ ಸರಿದದ್ದೂ, ಸಂಘದ ಹಿರಿಯರಾದ ಧಾರವಾಡದ ಡಾಕ್ಟರ್ ಗುರುಸಿದ್ದಪ್ಪ ಒಳಗೆ ಬಂದದ್ದೂ ಒಟ್ಟಿಗೇ ಆಯಿತು. ಅವರು ಬಾಗಿಲಲ್ಲೇ ನಿಂತುಬಿಟ್ಟರು. ಟೋಪಿ ತೆಗೆದರು. ಕೈ ಮುಗಿದರು.

"ಕೃಷ್ಣಪ್ರಸಾದ... ಮೊನ್ನೆ ಫೋನಿನ್ಯಾಗ ಚಲೋತ್ನಾಗ ಮಾತಾಡಿದ್ರಲ್ಲೋ ಶಿವನ," ಎಂದು ಗೊಣಗಿದರು.

"ಅಂಕಲ್, ಇಲ್ಲೇ ಇದೀನಿ," ಎಂದ ಕೃಷ್ಣಪ್ರಸಾದ, ಹಿಂದಿನಿಂದ.

ಗುರುಸಿದ್ದಪ್ಪ ತಿರುಗಿ, ಅವನ ತೋಳು ಮುಟ್ಟಿ ನೋಡಿದರು. "ಅಯ್ಯ, ಅದೀರೇನ್ರಿ? ನನ್ನ ಎದೀನ ಒಡೀತಲ್ರೀ."

"ಅಷ್ಟು ದೂರದಿಂದಾನೇ ನಾನು ಅಂತ ಗೊತ್ತಾಯ್ತಾ ಅಂಕಲ್?"

"ಗೊತ್ತಾಗದೇನ್ರಿ? ಥೇಟ್ ನೀವ."

ಕೃಷ್ಣಪ್ರಸಾದ ಕಾಫಿ ಲೋಟ ಕೆಳಗಿಟ್ಟ. ಅವನ ಕಣ್ಣು ತುಂಬಿತ್ತು. ಜನರ ನಡುವೆ ಅಲಮೇಲುವನ್ನು ಹುಡುಕಿ ಕೈಮಾಡಿ ಕರೆದ.

"ಇನ್ನೊಂದ್ಸಲ ಹೇಳಿ ಅಂಕಲ್. ಅವಳೂ ಕೇಳಲಿ."