ಮೂರನೆಯ ಕೂಗು

ಅಕ್ಕ ಬರೆದಿಟ್ಟ ಅರ್ಜಿ ಓದುತ್ತ ಓದುತ್ತ ಕೆಂಡನ ಮೈ ಉರಿಯಿತು. ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆಂದು ಅಪ್ಪ ಇಟ್ಟ ಹೆಸರು ಅದು. ಶಾಲೆಗೆ ಅರ್ಧಕ್ಕೇ ಬೆನ್ನು ತಿರುಗಿಸಿ ವೆಲ್ಡಿಂಗ್ ಅಂಗಡಿ ಸೇರಿದವನು. ಓದಿದ್ದು ಕಡಿಮೆ, ಸುಳ್ಳಿನ ವಾಸನೆ ಮಾತ್ರ ಬೇಗ ಹತ್ತುತ್ತಿತ್ತು.

"'ನಾನು ಶ್ರಮಜೀವಿ, ಶಿಸ್ತಿನವಳು, ಎಲ್ಲರೊಡನೆ ಹೊಂದಿಕೊಳ್ಳುವವಳು.' ಯಾರಕ್ಕಾ ಇವಳು? ನಮ್ಮನೇಲಂತೂ ಇಂಥೋಳು ಯಾರೂ ಇಲ್ಲ!"

"ಎಲ್ಲರೂ ಹೀಗೇ ಬರೀತಾರೆ ಕಣೋ."

"ಅದಕ್ಕೇ ನಿನ್ನ ಯಾರೂ ಕರೀತಿಲ್ಲ."

ಮಾತು ಚುಚ್ಚಿತು. ಕಾನೂನು ಓದಿ ಮುಗಿಸಿ ಅಕ್ಕ ಅರ್ಜಿ ಹಾಕದ ವಕೀಲರ ಕಚೇರಿಯಿರಲಿಲ್ಲ. ಒಬ್ಬರೂ ಕ್ಯಾರೇ ಎಂದಿರಲಿಲ್ಲ. ಈಗ ಒಬ್ಬ ಹಿರಿಯ ವಕೀಲೆಗೆ ಜೂನಿಯರ್ ಬೇಕಾಗಿತ್ತು. ಇದೂ ಕೈಕೊಟ್ಟರೆ ಸೋದರಮಾವನ ಬಟ್ಟೆ ಅಂಗಡಿಯಲ್ಲಿ ಗಲ್ಲಾ ಮುಂದೆ ಕೂರುವುದೆಂದು ಮನೆಯಲ್ಲಿ ತೀರ್ಮಾನವಾಗಿತ್ತು.

ಕೆಂಡ ಇನ್ನೊಂದು ಸಾಲಿನ ಮೇಲೆ ಬೆರಳಿಟ್ಟ. "'ತಂದೆ (ದಿವಂಗತ): ಸರ್ಕಾರಿ ನೌಕರರು.' ಅಷ್ಟೇನಾ? ಕೋರ್ಟಿನ ಬಾಗಿಲಲ್ಲಿ ನಿಂತು ಹೆಸರು ಕೂಗಿ ಕೂಗಿ ಗಂಟಲು ಹರ್ಕೊಂಡ ಮನುಷ್ಯ ಅವ್ರು. ಬರಿಯೋಕೆ ನಾಚಿಕೇನಾ? ನಮ್ಮ ಅಡುಗೆಮನೆ ಕೋರ್ಟ್ ಬರಿ, ಅದನ್ನ ಬರಿ!"

ಅಕ್ಕನಿಗೆ ಮೊದಲು ನಗು ಬಂತು, ಆಮೇಲೆ ಕಣ್ಣು ತುಂಬಿತು.

ಆ ಕೋರ್ಟು ಸೇರುತ್ತಿದ್ದುದು ಸಂಜೆ ಹೊತ್ತು. ಅಪ್ಪ ಬಂದು ಸಮವಸ್ತ್ರದ ಕೋಟನ್ನು ಮೊಳೆಗೆ ನೇತುಹಾಕುತ್ತಿದ್ದರು. ಆದರೆ ಗಂಟಲಿಗೆ ಇನ್ನೂ ಡ್ಯೂಟಿ ಮುಗಿದಿರುತ್ತಿರಲಿಲ್ಲ. ಮಕ್ಕಳು ಕಿತ್ತಾಡಿದ್ದರೆ ಬೋರಲು ಹಾಕಿದ ಬಕೆಟ್ಟಿನ ಮೇಲೆ ಅಮ್ಮ ಜಡ್ಜಾಗಿ ಕೂರುತ್ತಿದ್ದಳು, ಕೈಯಲ್ಲಿ ಸೌಟು. ಅಪ್ಪ ಬಾಗಿಲಲ್ಲಿ ಸೆಟೆದು ನಿಂತು, ಎದುರಿಗೇ ಕೂತ ಮಗನ ಹೆಸರನ್ನು ಬೀದಿಗೆಲ್ಲ ಕೇಳುವ ಹಾಗೆ ಕೂಗುತ್ತಿದ್ದರು. ಮೂರು ಸಲ.

"ಮೊದಲ್ನೇದು ಕಿವಿಗೆ. ಎರಡನೇದಕ್ಕೆ ಬಟ್ಟೆ ಸರಿ ಮಾಡ್ಕೊ. ಮೂರನೇದಕ್ಕೆ ಏಳು. ಮೊದಲ್ನೇದಕ್ಕೇ ಓಡಿ ಬಂದ್ರೆ ಹೆದರಿದ್ದೀಯ ಅಂತ ಅರ್ಥ ಕಣಪ್ಪಾ."

ಕೆಂಡನ ಪರವಾಗಿ ಯಾವಾಗಲೂ ಅಕ್ಕನೇ ವಾದಿಸುತ್ತಿದ್ದಳು. ಫೀಸು ಅವನ ಪಾಲಿನ ಬಿಸ್ಕತ್ತು. ಪಕ್ಕದ ಮನೆಯ ಕಿಟಕಿ ಒಡೆದ ದಿನ ಅವಳು ಹೇಳಿದ್ದಳು: "ಮಹಾಸ್ವಾಮಿ, ಗಾಜು ಮೊದಲೇ ಬಿರುಕು ಬಿಟ್ಟು ಬೀಳೋಕೆ ಕಾಯ್ತಾ ಇತ್ತು. ಚೆಂಡು ಹೋಗಿ 'ಇನ್ನು ಬೀಳಪ್ಪಾ' ಅಂತಷ್ಟೇ ಹೇಳ್ತು." ನಗು ತಡೆಯಲಾರದೆ ಜಡ್ಜ್ ಸೌಟು ಬೀಳಿಸಿಕೊಂಡಿದ್ದಳು. ಆರೋಪಿ ಖುಲಾಸೆ.

ಕೊನೆಕೊನೆಗೆ ಅಪ್ಪನಿಗೆ ದನಿಯೇ ಹೋಯಿತು. ನೀರು ಬೇಕಾದರೆ ಲೋಟದಿಂದ ಮಂಚಕ್ಕೆ ಬಡಿಯುತ್ತಿದ್ದರು. ಮಕ್ಕಳು ಬಾಗಿಲ ಮರೆಯಲ್ಲೇ ನಿಂತು, ಬೇಕೆಂದೇ ಮೂರನೆಯ ಬಡಿತಕ್ಕೆ ಒಳಗೆ ಹೋಗುತ್ತಿದ್ದರು. ಅಪ್ಪ ಸದ್ದಿಲ್ಲದೆ, ಹೊಟ್ಟೆ ಕುಣಿಸಿ ನಗುತ್ತಿದ್ದರು.

ಅಕ್ಕ ಹಳೆಯ ಅರ್ಜಿಯನ್ನು ಹರಿದಳು. ಬಕೆಟ್ಟು, ಸೌಟು, ಬಿಸ್ಕತ್ತು, ಬಿರುಕು ಬಿಟ್ಟ ಗಾಜು, ಮೂರು ಕೂಗಿನ ಲೆಕ್ಕ, ಎಲ್ಲವನ್ನೂ ಬರೆದಳು. ವಾದ ಮಾಡಲು ಕಲಿತದ್ದು ಅಲ್ಲೇ ಎಂದೂ ಬರೆದಳು.

ಕರೆ ಬಂತು.

ವಕೀಲೆಯ ಕಚೇರಿಯ ಬೆಂಚಿನ ಮೇಲೆ ಇಸ್ತ್ರಿ ಮುರಿಯದ ಹುಡುಗ ಹುಡುಗಿಯರು ಸಾಲಾಗಿ ಕೂತಿದ್ದರು. ನಡುವೆ ಅಕ್ಕ, ಪಕ್ಕದಲ್ಲಿ ಕಿಡಿ ಹಾರಿ ತೂತು ಬಿದ್ದ ಅಂಗಿಯ ತಮ್ಮ. ಗುಮಾಸ್ತ ಹೊರಗೆ ಬಂದು ಅಕ್ಕನ ಹೆಸರು ಕೂಗಿದ. ಅಕ್ಕ ಕೇಳಿಸಿಕೊಂಡಳು, ಕೂತೇ ಇದ್ದಳು. ತಮ್ಮನೂ ಆರಾಮಾಗಿ ಕೂತಿದ್ದ.

"ಬಂದಿಲ್ವಾ? ಸರಿ, ಮುಂದಿನವರು ಬನ್ನಿ."

ಹೊಸ ಬೂಟಿನವನೊಬ್ಬ ಎದ್ದ. ಕೆಂಡ ನೆಗೆದು ನಿಂತ.

"ರೀ, ಒಂದೇ ಸಲ ಕೂಗಿದ್ರಲ್ಲ! ಇನ್ನೆರಡು ಎಲ್ಲಿ?"

"ಮೂರು ಸಲ ಕೂಗೋಕೆ ಇದೇನು ಸಂತೇನಾ? ಕೂತ್ಕೊಳ್ಳಯ್ಯ ಸುಮ್ನೆ."

ಬೆಂಚಿನವರು ಕಿಸಕ್ಕೆಂದರು. ಅಕ್ಕನ ಮುಖ ಕೆಂಪಾಯಿತು. ಕೆಂಡ ಮುಷ್ಟಿ ಬಿಗಿದ. ಅಷ್ಟರಲ್ಲಿ ಅರೆತೆರೆದ ಬಾಗಿಲಾಚೆಯಿಂದ ವಯಸ್ಸಾದ ಹೆಂಗಸೊಬ್ಬರ ಗಟ್ಟಿ ದನಿ ಅಕ್ಕನ ಹೆಸರು ಕೂಗಿತು. "ಎರಡನೇದು ಕಣಮ್ಮಾ," ಎಂದೂ ಸೇರಿಸಿತು.

ಗುಮಾಸ್ತ ಬಾಯಿ ತೆರೆದು ನಿಂತ. ಹೊಸ ಬೂಟಿನವನು ಮೆಲ್ಲಗೆ ಕೂತ. ಕೆಂಡನೂ ಕೂತ. ಮುಷ್ಟಿ ತಾನಾಗಿ ಸಡಿಲವಾಗಿತ್ತು.

ಅಕ್ಕ ಕೋಟಿನ ಕಾಲರು ಸರಿ ಮಾಡಿಕೊಂಡು, ಬಾಗಿಲನ್ನೇ ನೋಡುತ್ತ ಮೂರನೆಯದಕ್ಕೆ ಕಾದಳು.