ಆದಾಮನ ಹೊಕ್ಕುಳು

ಶವಪೆಟ್ಟಿಗೆಗೆ ಮುಚ್ಚಳ ಎತ್ತಿಡಲು ಕುಪ್ಪುಸ್ವಾಮಿ ಬಗ್ಗಿದ್ದನಷ್ಟೆ, ಪಾದ್ರಿ ದೇವಸಹಾಯಂ ಅವನ ಕೈ ಹಿಡಿದರು.

"ತಾಳಪ್ಪ. ಸಾಯೋಕೆ ಮುಂಚೆ ನಿನ್ನ ಹೆಂಡತಿ ಆದಾಮ ಇದ್ದ ಅಂತ ಒಪ್ಕೊಂಡ್ಳಾ?"

ಕುಪ್ಪುಸ್ವಾಮಿ ನೆಟ್ಟಗಾದ. ಒಪ್ಪಿರದಿದ್ದರೆ ಹೆಂಡತಿ ಮಾರಿಯಮ್ಮನಿಗೆ ಪ್ರಾರ್ಥನೆಯೂ ಇಲ್ಲ, ಚರ್ಚಿನ ಸಮಾಧಿ ತೋಟದಲ್ಲಿ ಜಾಗವೂ ಇಲ್ಲ. ಬದುಕಿದ್ದಾಗಲೇ ಅವಳಿಗೆ ಪ್ರಸಾದದ ರೊಟ್ಟಿ ದ್ರಾಕ್ಷಾರಸ ನಿಲ್ಲಿಸಿದ್ದ ಮನುಷ್ಯ ಇವರು.

ಹೂ ಹಾಕಲು ಬಂದಿದ್ದ ಪಕ್ಕದ ಮನೆಯ ಆದಿಲಕ್ಷ್ಮಮ್ಮ ಬಾಯಿಂದ ಸೆರಗು ತೆಗೆದಳು. "ಅದ್ಯಾರು ಸಾಮಿ ಆದಾಮ? ನಿಮ್ ನೆಂಟ್ರಾ?"

"ದೇವರು ಮಣ್ಣಿಂದ ಮಾಡಿದ ಮೊದಲನೇ ಮನುಷ್ಯ ಕಣಮ್ಮ. ನಿನಗೂ ನೆಂಟನೇ."

* * *

ಮಾರಿಯಮ್ಮ ಚಿನ್ನದ ಗಣಿ ಕಾರ್ಮಿಕರ ಉರಿಗಾಂ ಲೈನ್‌ಮನೆಗಳ ಸೂಲಗಿತ್ತಿ. ಹೊಕ್ಕುಳಬಳ್ಳಿ ಕೊಯ್ದು, ಮಾಸನ್ನು ಹಿತ್ತಲಲ್ಲಿ ಹೂತು, ನಾಯಿ ಕೆದಕದಂತೆ ಮೇಲೊಂದು ಕಲ್ಲು ಹೇರಿ ಬರುವ ಹೆಂಗಸು. ಗಣಿಗಳು ಸರ್ಕಾರದ ಕೈಗೆ ಬಂದ ವರ್ಷ, ಒಂದು ಭಾನುವಾರ, ಚರ್ಚಿನಲ್ಲಿ ಪಾದ್ರಿಯ ಪ್ರಸಂಗದ ನಡುವೆ ಎದ್ದು ನಿಂತಳು.

"ಅಯ್ಯಗಾರೇ, ಆದಾಮನ್ಗೆ ಒಕ್ಕುಳಿತ್ತಾ?"

ಸಭೆಯೆಲ್ಲ ಗೊಳ್ಳೆಂದಿತು. ಅವಳು ನಗಿಸಲು ಕೇಳಿರಲಿಲ್ಲ.

"ಇದ್ರೆ ಅವನ್ಗೂ ಒಬ್ಳು ಅವ್ವ ಇದ್ಳು. ಇಲ್ದಿದ್ರೆ ಅವ್ನು ನಮ್ಮಂತೋನಲ್ಲ. ನನ್ಗೇನೋ ಇದು ದೇವ್ರು ನಮ್ಗೆ ಏಳಿದ ಕತೆ ಅನ್ನಿಸ್ತದೆ."

"ಆದಾಮ ಕತೆಯಾದ್ರೆ ಅವನಿಂದ ನಮಗೆ ಬಂದ ಪಾಪವೂ ಕತೆಯೇ. ಮತ್ತೆ ಯೇಸು ಸತ್ತಿದ್ದು ಯಾತಕ್ಕೆ?" ಪಾದ್ರಿ ಗದರಿದರು. ಅವರ ಭಯವೂ ಸುಳ್ಳಲ್ಲ. ಒಂದು ಇಟ್ಟಿಗೆ ಕಿತ್ತರೆ ಗೋಡೆಯೇ ಬಿದ್ದೀತೆಂದು ಹೆದರಿದ್ದರು.

"ಪಾಪ ಮಾಡಕ್ಕೆ ಆದಾಮನೇ ಯಾಕ್ ಬೇಕು? ನಾವಿಲ್ವಾ?"

ಅಲ್ಲಿಗೆ ಅವಳ ದ್ರಾಕ್ಷಾರಸ ನಿಂತಿತು. ಪ್ರಶ್ನೆ ಮಾತ್ರ ನಿಲ್ಲಲಿಲ್ಲ. ಸೂಲು ಮುಗಿಸಿ ಬಂದಾಗಲೆಲ್ಲ ಗಂಡನ ತಲೆ ತಿನ್ನುತ್ತಿದ್ದಳು.

* * *

ಹೂಂ ಎಂದರೆ ಸಾಕಿತ್ತು. ಆದರೆ ಪೆಟ್ಟಿಗೆಯಲ್ಲಿ ಅವಳ ಮುಖ ಇನ್ನೂ ತೆರೆದೇ ಇತ್ತು. ಅದರ ಮುಂದೆ ಸುಳ್ಳಾಡಲು ಕುಪ್ಪುಸ್ವಾಮಿಗೆ ನಾಲಿಗೆ ಏಳಲಿಲ್ಲ.

"ಒಪ್ಕಳ್ಲಿಲ್ಲ ಅಯ್ಯಗಾರೇ. ನೆನ್ನೆ ನಗ್ತಾ ಏಳಿದ್ಳು, ಸ್ವರ್ಗಕ್ಕೋದ ತಕ್ಷಣ ಆದಾಮನ್ನ ಉಡುಕ್ತೀನಿ ಅಂತ. ಸಿಕ್ರೆ ಒಟ್ಟೆ ನೋಡ್ತಾಳಂತೆ. ಅಂಗಿ ಎತ್ಸೋ ಕೆಲ್ಸಾನೂ ಇಲ್ಲ, ಅವ್ನು ಬರಿಮೈನೋನು ಅಂದ್ಳು."

ಆದಿಲಕ್ಷ್ಮಮ್ಮ ಅಳುತ್ತಲೇ ಕಿಸಕ್ಕೆಂದಳು.

"ಆಮೇಲೆ?" ಎಂದರು ಪಾದ್ರಿ.

"ಅಯ್ಯಗಾರು ಬಂದಾಗ ಬಾಗ್ಲಲ್ಲೇ ನಿಂತು ಏಳ್ತೀನಿ ಅಂದ್ಳು. ಯಾರು ಗೆದ್ರು ಅಂತ."

"ನಾನು ಅಲ್ಲಿಗೆ ಬರ್ತೀನಿ ಅಂದ್ಳಾ?"

"ಬಂದೇ ಬತ್ತಾರೆ ಅಂದ್ಳು."

ಪಾದ್ರಿ ಬಗ್ಗಿ ಆ ಮುಖ ನೋಡಿದರು. ಮುಚ್ಚಳದ ಒಂದು ತುದಿಗೆ ತಾವೇ ಕೈ ಹಾಕಿದರು. "ಹಿಡಿಯಪ್ಪ. ತೋಟಕ್ಕೆ ಹೋಗೋಣ."

ಗುಂಡಿಯ ಅಂಚಿನಲ್ಲಿ ನಿಂತು, "ಮಣ್ಣಿನಿಂದ ಬಂದವಳು ಮಣ್ಣಿಗೆ" ಎನ್ನುತ್ತ ಅವರು ಬಲಗೈಯಿಂದ ಮಣ್ಣು ಬಿಟ್ಟರು. ಎಡಗೈ ಮಾತ್ರ ಅವರಿಗೇ ಗೊತ್ತಿಲ್ಲದಂತೆ ಬಿಳಿ ನಿಲುವಂಗಿಯ ಮೇಲೆ ಸರಿದು, ಒಂದು ಬೆರಳು ಹೊಕ್ಕುಳನ್ನು ತಡವುತ್ತಿತ್ತು.

ಕುಪ್ಪುಸ್ವಾಮಿ ಅದನ್ನು ಕಂಡ. ಹೆಂಡತಿಗೆ ಹೇಳಲೆಂದು ಥಟ್ಟನೆ ಪಕ್ಕಕ್ಕೆ ತಿರುಗಿದ.