ಹತ್ತು ಉಗುರು

"ಇನ್ನೂ ಸ್ವಲ್ಪ ನೀರು ಹಾಕು" ಎಂದು ಉಸ್ಮಾನ್ ಬೋಗುಣಿಯ ಮೇಲೆ ಎರಡೂ ಕೈ ಚಾಚಿದ. ಗಿಂಡಿ ಬಾಗಿಸಿದ್ದ ಬತೂಲ್ ಹಾಗೇ ನಿಂತುಬಿಟ್ಟಳು.

ಗಂಡ ನಾಲ್ಕು ವರ್ಷದ ಮೇಲೆ ಜೆದ್ದಾದಿಂದ ಬಂದು ಇನ್ನೂ ಒಂದು ಗಂಟೆಯಾಗಿರಲಿಲ್ಲ. ಆ ನಾಲ್ಕು ವರ್ಷ ಅವಳು ತನ್ನೂರು ಒಮ್‌ದುರ್ಮಾನಿನ ಅದೆಷ್ಟೋ ಮದುವಣಗಿತ್ತಿಯರ ಕೈಕಾಲಿಗೆ ಮದರಂಗಿ ಬಿಡಿಸಿದ್ದಳು; ತನ್ನ ಕೈಗೆ ಒಂದು ಚುಕ್ಕೆಯನ್ನೂ ಇಟ್ಟುಕೊಂಡಿರಲಿಲ್ಲ. ಗಂಡ ಊರಲ್ಲಿಲ್ಲದವಳು ಯಾರಿಗೆ ತೋರಿಸಲು ಹಚ್ಚಿಕೊಂಡಳು ಎಂದು ಕೇಳುವ ಬಾಯಿಗಳು ಆ ಬೀದಿಯಲ್ಲಿ ಬೇಕಾದಷ್ಟಿದ್ದವು. ಈ ಸಲ ಕರೆದುಕೊಂಡೇ ಹೋಗುತ್ತೇನೆ ಎಂದು ಅವನು ಫೋನಿನಲ್ಲಿ ಹೇಳಿದ್ದ. ಅವಳು ಪಾಸ್‌ಪೋರ್ಟ್ ಮಾಡಿಸಿಟ್ಟು, ಬಂದ ಮದುವೆ ಕೆಲಸಗಳನ್ನೆಲ್ಲ ಬೇರೆಯವರಿಗೆ ಬಿಟ್ಟುಕೊಟ್ಟು, ಇವತ್ತು ಬೆಳಿಗ್ಗೆ ತನ್ನ ಅಂಗೈಗೆ ತಾನೇ ಹಚ್ಚಿಕೊಂಡಿದ್ದಳು.

ಅವನ ಅಂಗೈಯಲ್ಲಿ ಏನೂ ಇರಲಿಲ್ಲ. ಉಗುರುಗಳು ಮಾತ್ರ ಬುಡದಲ್ಲಿ ಬೆಳ್ಳಗೆ, ತುದಿಯಲ್ಲಿ ಕಡುಗೆಂಪು. ಒಂದೆರಡಲ್ಲ, ಹತ್ತೂ.

"ಉಗುರಿಗೇನಾಗಿದೆ?"

"ಅದಾ? ರೂಮಲ್ಲಿದ್ದ ಗೆಳೆಯನ ಮದುವೆ ಆಯ್ತು. ತಮಾಷೆಗೆ ನಂಗೂ ಮೆತ್ತಿದ್ರು." ಅವನು ಮುಷ್ಟಿ ಮಡಚಿದ.

ಬೇರೆ ಹೆಂಡತಿಯಾಗಿದ್ದರೆ ನಂಬುತ್ತಿದ್ದಳೇನೋ. ಗೆಳೆಯರು ಅಂಗೈಗೆ ಒಂದು ಬೊಟ್ಟು ಹಚ್ಚಿಸಿಕೊಂಡು ನಗುತ್ತಾರೆ. ಹತ್ತು ಬೆರಳಿಗೂ ಮೆತ್ತಿಸಿಕೊಂಡು ಕೂರುವವನು ಮದುಮಗನೊಬ್ಬನೇ. ಚರ್ಮದ ಬಣ್ಣ ಇಪ್ಪತ್ತು ದಿನಕ್ಕೆ ಹೋಗುತ್ತದೆ, ಉಗುರಿನದು ಉಗುರು ಬೆಳೆದಷ್ಟೇ ಜರುಗುತ್ತದೆ. ಅವಳು ಅವನ ಮುಷ್ಟಿ ಬಿಡಿಸಿ ನೋಡಿದಳು. ಅರ್ಧ ಉಗುರು. ಅಂದರೆ ಮೂರು ತಿಂಗಳು.

ಮೂರು ತಿಂಗಳ ಹಿಂದೆ ಅವನಿಗೆ ಜ್ವರ ಎಂದು ಹತ್ತು ದಿನ ಫೋನೇ ಇರಲಿಲ್ಲ. ವಾಸಿಯಾಯಿತು ಎಂದು ಕೇಳಿದ ದಿನ ಅವಳು ಕುರಿ ಕೊಯ್ಯಿಸಿ ಬೀದಿಗೆಲ್ಲ ಉಣ್ಣಿಸಿದ್ದಳು.

"ಜ್ವರದಲ್ಲೇ ಹಚ್ಚಿದ್ರಾ?" ಎಂದಳು.

ಉಸ್ಮಾನ್ ತನ್ನ ತಾಯಿಯ ಕಡೆ ನೋಡಿದ. ಊಟದ ತಟ್ಟೆಯ ಮುಂದೆ ಕೂತಿದ್ದ ಸಿತ್ತನಾ ಜೋಳದ ರೊಟ್ಟಿಯ ಮಡಿಕೆ ಬಿಡಿಸುತ್ತ ತಲೆ ಎತ್ತಲಿಲ್ಲ. ಮುದುಕಿಗೆ ಗೊತ್ತಿತ್ತು. ಬತೂಲಿಗೆ ಗಂಡನಿಗಿಂತ ಇವಳ ಮೇಲೆಯೇ ಹೆಚ್ಚು ಸಿಟ್ಟು ಬಂತು. ಬೆಳಿಗ್ಗೆ ಮದರಂಗಿ ಕಲಸಿಕೊಟ್ಟು, ದಟ್ಟವಾಗಿ ಹಚ್ಚಿಕೋ ಎಂದವಳು ಇವಳೇ.

"ಗಂಡಸು, ಪರದೇಶ. ಎಷ್ಟು ದಿನ ಅಂತ ಒಬ್ನೇ ಬೇಯಿಸ್ಕೊಂಡು ತಿಂತಾನೆ" ಎಂದಳು ಸಿತ್ತನಾ. "ನಿನ್ನೇನು ಬಿಡ್ತೀನಿ ಅಂದಿಲ್ವಲ್ಲ. ನೀರು ಹಾಕು ತಾಯಿ, ಸಾರು ಆರ್ತಿದೆ."

"ಹಾಗಾದ್ರೆ ಅವತ್ತು ನಾನು ಬಡಿಸಿದ್ದು ನಿಮ್ಮ ಮದುವೆ ಊಟ" ಎಂದಳು ಬತೂಲ್ ಗಂಡನಿಗೆ. "ಬೀದಿಯವರೆಲ್ಲ ಹೊಟ್ಟೆ ತುಂಬ ಉಂಡ್ರು. ಕುರಿ ಎಳೇದು, ಒಳ್ಳೆ ರುಚಿ ಅಂದ್ರು."

ಗಿಂಡಿ ಬರಿದಾಗುವವರೆಗೂ ಅವಳು ಅವನ ಕೈಮೇಲೆ ನೀರು ಸುರಿದಳು. ಆಮೇಲೆ ಅಂಗಳಕ್ಕೆ ಹೋಗಿ ಬೋಗುಣಿ ಚೆಲ್ಲಿ, ನಲ್ಲಿಯ ಬಳಿ ಕುಕ್ಕರುಗಾಲಲ್ಲಿ ಕೂತು, ಮರಳು ಹಿಡಿದು ತನ್ನ ಅಂಗೈ ತಿಕ್ಕತೊಡಗಿದಳು. ಬೆಳಿಗ್ಗೆಯ ಬಣ್ಣ ಇನ್ನೂ ಕಿತ್ತಳೆಯಾಗಿತ್ತು. ನಾಳೆ ಕೆಂಪಾಗುತ್ತದೆ, ನಾಡಿದ್ದು ಕಪ್ಪೇರುತ್ತದೆ, ಏನು ಮಾಡಿದರೂ ಹೋಗುವುದಿಲ್ಲ ಎಂದು ಮದುವಣಗಿತ್ತಿಯರಿಗೆಲ್ಲ ಧೈರ್ಯ ಹೇಳುತ್ತಿದ್ದವಳು ಅವಳೇ.